ಚಕ್ರ ಸುತ್ತುವಷ್ಟು ಹೊತ್ತು

ಹನೂರು ಬಸ್ ಸ್ಟ್ಯಾಂಡಿನ ಎದುರು ಪಹಣಿ, ಅರ್ಜಿ ತೆಗೆದುಕೊಡುವ ಆನ್‌ಲೈನ್ ಅಂಗಡಿ ಇಟ್ಟಿರುವ ಕೋಮಲಳಿಗೆ ಎಲ್ಲವನ್ನೂ ಒಟ್ಟಿಗೆ ಕೇಳುವವರನ್ನು ಕಂಡರೆ ಆಗುವುದಿಲ್ಲ. ಕೌದಳ್ಳಿಯ ಪುಟ್ಟಮಲ್ಲಪ್ಪ ಬಂದು, "ನಮ್ಮೂರ್ ಪಹಣಿಯೆಲ್ಲ ಒಂದೇ ಸಲಕ್ಕೆ ತಗಿಯವ್ವ" ಎಂದರೆ ಮುಖ ಗಂಟು ಹಾಕಿಕೊಳ್ಳುತ್ತಾಳೆ. "ಅಷ್ಟೂ ಕೇಳುದ್ರೆ ಆ ಕಡೆಯಿಂದ ರಾಶಿರಾಶಿ ಬತ್ತದೆ ಕಣ್ರಿ, ದಾರೀಲೇ ಸಿಕ್ಕಾಕತದೆ. ಒಂದೊಂದೇ ಸರ್ವೆ ನಂಬರ್ ಕೊಡಿ." ಕಂಪ್ಯೂಟರ್ ತೆರೆಯ ಮೇಲೆ ಲೋಡಿಂಗ್ ಚಕ್ರ ಸುತ್ತತೊಡಗಿದರೆ ಗಿರಾಕಿಗಳು ಕೆಮ್ಮುವಂತಿಲ್ಲ, ಕುರ್ಚಿ ಎಳೆಯುವಂತಿಲ್ಲ; ಇನ್ನೊಂದು ಸಲ ಒತ್ತಿ ನೋಡು ಎಂದವರು ಹೊರಗೆ ಹೋಗಿ ನಿಲ್ಲಬೇಕು. ಈ ಚಾಳಿ ಮನೆಗೂ ಹತ್ತಿದೆ. ಸಂತೆಯಲ್ಲಿ ಒಂದು ಸಾಮಾನು ಚೀಲಕ್ಕೆ ಬಿದ್ದ ಮೇಲಷ್ಟೇ ಅವ್ವನಿಗೆ ಮುಂದಿನದು ಹೇಳುತ್ತಾಳೆ, ಮಾದಪ್ಪನ ಬೆಟ್ಟಕ್ಕೆ ಹೋದರೂ ಒಂದೇ ವರ ಬೇಡುತ್ತಾಳೆ. ಆ ವರ ಏನೆಂದು ಬೀದಿಗೆಲ್ಲ ಗೊತ್ತು. ರಾಜ್ಯದ ಗಡಿಯಾಚೆಯ ಕಲ್ಲು ಕ್ವಾರಿಗೆ ಕೆಲಸಕ್ಕೆ ಹೋದ ತಮ್ಮ ಸಿದ್ದರಾಜು ಮತ್ತೆ ಬಂದಿಲ್ಲ. ದಿನಾ ಬೆಳಿಗ್ಗೆ, ಗಿರಾಕಿಗಳು ಬರುವ ಮೊದಲು, ಗುರುತು ಸಿಗದ ಹೆಣಗಳ ಫೋಟೊಗಳಿರುವ ಪೊಲೀಸರ ವೆಬ್ ಪುಟವೊಂದನ್ನು ಅವಳು ತೆರೆಯುತ್ತಾಳೆ. ಒಂದೊಂದೇ ಜಿಲ್ಲೆ ಕೇಳಿದರೆ ಫೋಟೊಗಳು ಸಲೀಸಾಗಿ ಬರುತ್ತವೆ, ಎಲ್ಲ ಜಿಲ್ಲೆಗಳನ್ನೂ ಒಟ್ಟಿಗೆ ಕೇಳಿದರೆ ಭಾರ ತಾಳದೆ ಪುಟ ಅಲ್ಲೇ ನಿಂತುಬಿಡುತ್ತದೆ. ಇದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಅಲ್ಲಿ ಮಾತ್ರ ಅವಳು ದಿನಾ ಎಲ್ಲ ಜಿಲ್ಲೆಗಳನ್ನೂ ಒಟ್ಟಿಗೇ ಕೇಳುತ್ತಾಳೆ. ಕಾಫಿ ತಂದ ಅವ್ವ ಬಾಗಿಲಲ್ಲೇ ನಿಂತು, "ಏನಾರ ಬಂತಾ ಮಗಾ?" ಎನ್ನುತ್ತಾಳೆ. "ಇನ್ನೂ ಸುತ್ತುತಾ ಅದೆ ಕಣವ್ವ" ಎಂದು ಕೋಮಲ ಲೋಟಕ್ಕೆ ಕೈ ಚಾಚುತ್ತಾಳೆ. ಆಮೇಲೆ ಇಬ್ಬರೂ ಕೂತು ಕಾಫಿ ಕುಡಿಯುತ್ತಾರೆ.