ಅಜ್ಜಿ ಹೇಳಿದ ಹೂಂ

ಬಿ.ಎ. ಮುಗಿಯುವ ವರ್ಷ ಕಾನೂನು ಕಾಲೇಜಿಗೇ ಸೇರುತ್ತೇನೆಂದು ನಾನು ಹಟ ಹಿಡಿದೆ. ಹಗರೆಯ ಶಾಲೆಯಲ್ಲಿ ಮೇಷ್ಟರಾಗಿದ್ದ ಅಪ್ಪ ಒಂದು ಷರತ್ತು ಹಾಕಿದರು. ಮುಂದಿನ ಇಪ್ಪತ್ತು ವರ್ಷ ಏನು ಮಾಡುತ್ತೇನೆಂದು ಬರೆದು ತೋರಿಸಬೇಕು. ಒಪ್ಪಿಗೆಯಾದರೆ ಅರ್ಜಿಗೆ ಸಹಿ, ಇಲ್ಲದಿದ್ದರೆ ತೆಪ್ಪಗೆ ಬಿ.ಎಡ್.

ಬರೆಯುವುದಕ್ಕೇನು, ಒಂದೇ ಸಂಜೆಯಲ್ಲಿ ಬರೆದು ಬಿಸಾಕಿದೆ. ಹಾಸನದಲ್ಲಿ ಮೂರು ವರ್ಷ ಓದು, ಸ್ವಲ್ಪ ಕಾಲ ವಕೀಲಿಕೆ, ಪರೀಕ್ಷೆ ಬರೆದು ಜಡ್ಜ್, ಕೊನೆಗೆ ಹೈಕೋರ್ಟು. ವಕೀಲಿಕೆಗೆ ಕೊಟ್ಟದ್ದು ಅರ್ಧ ಸಾಲು. ಅದು ಬಸ್ಸು ಬರುವತನಕ ನಿಲ್ಲುವ ಜಾಗವೆಂದೇ ನನ್ನ ಲೆಕ್ಕ. ಅಪ್ಪನಿಗೆ 'ಜಡ್ಜ್' ಎಂಬುದು ಬಹಳ ಹಿಡಿಸಿತು. ಆದರೂ ತಿಳಿದವರು ಒಮ್ಮೆ ನೋಡಲಿ ಎಂದು ಬೇಲೂರಿನಲ್ಲಿ ವಕೀಲರಾಗಿದ್ದ ಪರಿಚಯದ ಹೆಂಗಸೊಬ್ಬರ ಬಳಿ ಕರೆದುಕೊಂಡು ಹೋದರು.

ಅವರು ಹಾಳೆ ಓದಿ, ಮಡಿಸಿ ವಾಪಸು ಕೊಟ್ಟರು. "ಈಗ ಒಂದು ಕೇಸಿದೆ. ಇಬ್ಬರೂ ಹಿಂದಿನ ಬೆಂಚಲ್ಲಿ ಕೂತು ನೋಡಿ, ಆಮೇಲೆ ಮಾತಾಡೋಣ" ಎಂದರು.

ಕಟಕಟೆಯಲ್ಲಿ ಅರೇಹಳ್ಳಿ ಕಡೆಯ ಒಬ್ಬ ಅಜ್ಜಿ. ಹೊಲ ಅವಳದೋ ಪಕ್ಕದವರದೋ ಎಂಬ ವ್ಯಾಜ್ಯ. ನಮ್ಮನ್ನು ಕೂರಿಸಿದ ವಕೀಲೆ ಮೇಡಂ ಅವಳ ಪರ. ಅಜ್ಜಿಯ ಪತ್ರದಲ್ಲಿ ಹೊಲದ ಪಶ್ಚಿಮಕ್ಕೆ ಹಳ್ಳ ಎಂದಿತ್ತು.

"ಹಳ್ಳ ಇರೋದು ಹೊಲದ ಪೂರ್ವಕ್ಕೆ, ಅಲ್ವೇನಮ್ಮ?" ಎಂದು ಎದುರಿನ ವಕೀಲರು ಕೇಳಿದರು.

"ಹೂಂ ಸಾಮಿ."

"ನೀವು ಅಲ್ಲಿ ಬೇಸಾಯ ಮಾಡೇ ಇಲ್ಲ?"

"ಹೂಂ ಸಾಮಿ."

ಪ್ರತಿ ಹೂಂಗೂ ಟೈಪಿಸ್ಟ್ 'ನಿಜ' ಎಂದು ಕುಟ್ಟುತ್ತಾ ಹೋದ. ಹೊಲ ಹೋಯಿತು ಎಂದುಕೊಂಡೆ. ಅಜ್ಜಿಯ ಮೇಲೆ ಸಿಟ್ಟೇ ಬಂತು.

ಮೇಡಂ ನಿಧಾನವಾಗಿ ಎದ್ದರು. "ಅವರು ಕೇಳಿದ್ದಕ್ಕೆಲ್ಲ ಹೂಂ ಅಂದ್ರಲ್ಲ, ಯಾಕಜ್ಜಿ?"

"ಅವ್ರು ಮಾತಾಡ್ತಾವ್ರೆ ಕಣವ್ವ. ಹೂಂ ಅನ್ದೆ ಸುಮ್ಕೆ ನಿಂತ್ಕಂಡ್ರೆ ಮರ್ವಾದೆ ಅಲ್ಲ."

"ಬೆಳಿಗ್ಗೆ ಹಳ್ಳದ ಕಡೆ ಮುಖ ಮಾಡಿ ಕಳೆ ಕೀಳ್ತಾ ಕೂತ್ರೆ, ಬಿಸಿಲು ಎಲ್ಲಿ ಬೀಳ್ತದೆ?"

"ಬೆನ್ನು ಸುಡ್ತದೆ ಕಣವ್ವ. ಕಂಬ್ಳಿ ಹಾಕ್ಕಂಡೇ ಕೀಳದು."

ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ಅಜ್ಜಿಯ ಮುಖ ನೋಡಿದರು. ಬೆಳಗಿನ ಬಿಸಿಲು ಬೆನ್ನಿಗೆ ಬಿದ್ದರೆ ಎದುರಿನ ಹಳ್ಳ ಪಶ್ಚಿಮಕ್ಕೇ ಇರಬೇಕು. ಹುಟ್ಟಿದಾಗಿನಿಂದ ಕಥೆಗೆ, ಬೈಗುಳಕ್ಕೆ, ಬುದ್ಧಿಮಾತಿಗೆ ಹೂಂಗುಟ್ಟುತ್ತಲೇ ಬೆಳೆದವಳು ನಾನು. ನಮ್ಮ ಕಡೆ ಅದಕ್ಕೆ ಕೇಳಿಸಿಕೊಳ್ಳುತ್ತಿದ್ದೇನೆ ಎಂದಷ್ಟೇ ಅರ್ಥ, ಒಪ್ಪಿದೆ ಎಂದಲ್ಲ. ಅಷ್ಟು ಗೊತ್ತಿದ್ದೂ ನನಗೆ ಹೊಳೆಯಲಿಲ್ಲ. ಒಂದು ಹೂಂನ ಒಳಗೆ ಹೊಕ್ಕು ಒಬ್ಬಳ ಹೊಲವನ್ನು ಈಚೆಗೆ ತಂದ ಆ ಹೆಂಗಸಿನಷ್ಟು ದೊಡ್ಡವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಹೊರಗೆ ಬಂದ ಮೇಲೆ, ಇದನ್ನು ಕಲಿಯಲು ಎಷ್ಟು ವರ್ಷ ಬೇಕೆಂದು ಕೇಳಿದೆ.

"ಹದಿನೆಂಟು ವರ್ಷದಿಂದ ಕಲೀತಿದೀನಿ. ಇಂಥ ಹೂಂನಿಂದಲೇ ಎರಡು ಕೇಸು ಸೋತಿದೀನಿ" ಎಂದು ನಕ್ಕರು.

ಬಸ್‌ ಸ್ಟ್ಯಾಂಡಿನಲ್ಲಿ ಧೈರ್ಯ ಮಾಡಿ ಹೇಳಿಬಿಟ್ಟೆ: "ಅಪ್ಪ, ನಾನು ಜಡ್ಜ್ ಆಗಲ್ಲ. ವಕೀಲೆಯಾಗೇ ಇರ್ತೀನಿ, ಇಂಥ ಕೋರ್ಟಲ್ಲೇ." ಅಪ್ಪ ಒಪ್ಪಿದ್ದೇ ಜಡ್ಜ್ ಎಂಬ ಪದಕ್ಕೆ. ಇನ್ನು ಸಹಿಯ ಆಸೆ ಬಿಟ್ಟಂತೆಯೇ ಎಂದುಕೊಂಡೆ.

ಒಂದು ಬಸ್ಸು ಬಂದು ಹೋಯಿತು, ಅಪ್ಪ ಹತ್ತಲಿಲ್ಲ.

"ಇಪ್ಪತ್ತಾರು ವರ್ಷದಿಂದ ಲೆಕ್ಕ ಹೇಳ್ಕೊಟ್ಟು, ಅರ್ಥ ಆಯ್ತೇನ್ರೋ ಅಂತ ಕೇಳ್ತಾ ಬಂದಿದೀನಿ" ಎಂದರು. "ಎಲ್ಲಾ ಮಕ್ಕಳೂ ಹೂಂ ಸಾ ಅಂತಾರೆ."

ಆಮೇಲೆ ಜೇಬಿನಿಂದ ಪೆನ್ನು ತೆಗೆದು, "ಎಲ್ಲಿ, ಅರ್ಜಿ ಕೊಡು" ಎಂದರು.