ಉಪ್ಪುನೀರಿನ ಪರೀಕ್ಷೆ

ಕಲ್ಲು ಬಂದ ದಿನ ನಮ್ಮ ಮೇಲ್ವಿಚಾರಕರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ದೂರದ ಸಮುದ್ರ ತೀರದ ಹಳೆಯ ಎಣ್ಣೆಬಾವಿಯೊಳಗಿಂದ ಕೊರೆದು ತೆಗೆದ, ಲೋಟದಷ್ಟು ಗಾತ್ರದ ಕಲ್ಲು. ಹೊಸೂರಿನ ಹತ್ತಿರದ ತಳಿ ಎಂಬ ಊರಿನ ಕಡೆಯ ಈ ಮನುಷ್ಯ ಹರೆಯದಲ್ಲಿ ಆ ಬಾವಿ ಕೊರೆಯುವಾಗ ಅಲ್ಲೇ ಇದ್ದವರು. ನಿವೃತ್ತರಾದ ಮೇಲೆ ಹೊಸೂರಿನ ನಮ್ಮ ಪುಟ್ಟ ಪ್ರಯೋಗಾಲಯಕ್ಕೆ ಬಂದಿದ್ದರು. ಈಗ ಬಾವಿ ಬತ್ತುತ್ತಾ ಬಂದಿತ್ತು. ನಮ್ಮ ಮದ್ದು ಫಲಿಸದಿದ್ದರೆ ಸಿಮೆಂಟು ತುಂಬಿ ಮುಚ್ಚುವುದೆಂದು ಅಲ್ಲಿಯವರು ತೀರ್ಮಾನಿಸಿದ್ದರು.

ಮದ್ದು ಅಂದರೆ ನ್ಯಾನೊ ಪುಡಿ. ಮರಳಿನ ಜಾತಿಯದೇ, ಕಣ್ಣಿಗೆ ಕಾಣದಷ್ಟು ಸಣ್ಣದು. ನೀರಿನಲ್ಲಿ ಕಲಸಿ ಒಳಗೆ ನೂಕಿದರೆ ಕಲ್ಲಿನ ಸಂದಿಗೆ ಅಂಟಿಕೊಂಡ ಎಣ್ಣೆಯನ್ನು ಬಿಡಿಸುತ್ತದೆ. "ಎಣ್ಣೆ ಜಿಡ್ಡು ತೊಳ್ಯಾಕೆ ಇಷ್ಟು ಓದ್ಬೇಕಿತ್ತೇನೆ?" ಎಂದು ಬಾಗಲೂರಿನ ಮನೆಯಲ್ಲಿ ಅಮ್ಮ ನಗುತ್ತಿದ್ದಳು.

ಶುದ್ಧ ನೀರಿನಲ್ಲಿ ಕಲಸಿ ಆ ಕಲ್ಲಿನೊಳಗೆ ನೂಕಿದ ಮೊದಲ ಪರೀಕ್ಷೆಯಲ್ಲಿ ಗಾಜಿನ ಕೊಳವೆಗೆ ಕಪ್ಪು ಎಣ್ಣೆ ಹನಿಹನಿಯಾಗಿ ಇಳಿಯಿತು. ನಾನು ಕುಣಿದುಬಿಟ್ಟೆ. ಈಗಲೇ ವರದಿ ಕಳಿಸೋಣ ಎಂದೆ. ಮೇಲ್ವಿಚಾರಕರು ಒಪ್ಪಲಿಲ್ಲ.

"ಅಲ್ಲಿ ಭೂಮಿಯೊಳ್ಗೆ ಇರಾದು ಉಪ್ಪುನೀರು ಕಣಮ್ಮಾ. ಅದ್ರಾಗೂ ನೋಡ್ಬುಟ್ಟು ಆಮೇಲೆ ಹೇಳಾನ."

"ಬಾವಿ ಉಳೀಬೇಕು ಅಂತ ನಿಮಗೇ ಇಲ್ವಾ ಸಾರ್?" ನನಗೆ ಸಿಟ್ಟು ಬಂದಿತ್ತು.

"ನೋಡ್ದೆ ಕಳ್ಸಿದ್ರೆ, ಮದ್ದು ಒಳಗೋಗಿ ಬಾವಿ ಗಂಟ್ಲು ಕಟ್ಟಿ ಸಾಯ್ತದೆ. ನಮ್ ಕೈಯಾಗೇ ಸಾಯ್ಬೇಕಾ ಅದು?"

ಉಪ್ಪುನೀರಿಗೆ ಬಿದ್ದ ಪುಡಿ, ಬಿಸಿನೀರಿಗೆ ಸುರಿದ ರಾಗಿಹಿಟ್ಟಿನ ಹಾಗೆ ಗಂಟುಕಟ್ಟಿತು. ಕಲ್ಲಿನ ಸಂದಿಗಳೆಲ್ಲ ಮುಚ್ಚಿಕೊಂಡವು. ಪಂಪು ಎಷ್ಟು ಒತ್ತಿದರೂ ಕೊಳವೆಗೆ ಏನೂ ಇಳಿಯಲಿಲ್ಲ. ಅದನ್ನು ಸರಿಪಡಿಸಬಹುದಿತ್ತು, ಆದರೆ ಸಮಯ ಬೇಕಿತ್ತು. ಬಾವಿಯವರು ಕಾಯಲು ತಯಾರಿರಲಿಲ್ಲ. ನಮ್ಮಿಂದ ಆಗಲಿಲ್ಲವೆಂದು ಮೇಲ್ವಿಚಾರಕರೇ ಫೋನು ಮಾಡಿ ತಮಿಳಿನಲ್ಲಿ ಮೆತ್ತಗೆ ಹೇಳಿದರು.

ಬಾವಿ ಮುಚ್ಚಿದ ಸುದ್ದಿ ಒಂದು ಮಧ್ಯಾಹ್ನ ಬಂತು. ಅವರು ಫೋನು ಮೇಜಿನ ಮೇಲಿಟ್ಟು, ವಾಚು ಬಿಚ್ಚಿ, ಕಟ್ಟಡದ ಹಿಂದಿನ ನಲ್ಲಿಯ ಕಡೆ ನಡೆದರು. ಏನಾಯಿತೋ ಎಂದು ನಾನೂ ಹಿಂದೆ ಹೋದೆ. ನೆಂಟರಲ್ಲಿ ಸಾವಾದ ಸುದ್ದಿ ತಲುಪಿದರೆ ನಮ್ಮ ಕಡೆ ತಲೆಗೆ ನೀರು ಹಾಕಿಕೊಳ್ಳುತ್ತೇವೆ. ಅವರು ಅಂಗಿಯನ್ನೂ ಬಿಚ್ಚದೆ ಬಕೆಟ್ಟಿನ ನೀರನ್ನು ಮಗ್ಗಿನಲ್ಲಿ ಮೊಗೆದು ತಲೆಗೆ ಸುರಿದುಕೊಳ್ಳುತ್ತಿದ್ದರು. ನೋಡಿ ನಗಲು ಹೊರಟ ಪ್ರಯೋಗಾಲಯದ ಒಬ್ಬಿಬ್ಬರು ತಿರುಗಿ ಒಳಗೆ ಹೋದರು. ನನಗೆ ಅಳು ತಡೆಯಲಾಗಲಿಲ್ಲ.

ಅವರು ಒದ್ದೆ ಮುಖವೆತ್ತಿ ನನ್ನನ್ನು ನೋಡಿದರು. "ನೀನೂ ಹಾಕ್ಕೊಳಮ್ಮಾ" ಎಂದು ಮಗ್ಗು ನನ್ನ ಕೈಗೆ ಕೊಟ್ಟರು.