ಎರಡಕ್ಕೂ ಮೀಸೆಯಿತ್ತು

ಮದುವೆಯಾದ ವರ್ಷ ಕಾಮಾಕ್ಷಿಪಾಳ್ಯದ ಬಾಡಿಗೆ ಮನೆಗೆ ಗಾಜಿನ ತೊಟ್ಟಿಯ ಸಮೇತ ಎರಡು ಕ್ಯಾಟ್ ಫಿಶ್ ತಂದೆ. ವಿಜಯನಗರದ ಅಂಗಡಿಯವನು "ಜೋಡಿ ಸಾರ್, ತೊಗೊಂಡ್ ಹೋಗಿ" ಎಂದಿದ್ದ. ನಾನು ನಂಬಲಿಲ್ಲ. ಎರಡಕ್ಕೂ ಮೀಸೆಯಿತ್ತು. ಮೀಸೆ ಇದ್ದ ಮೇಲೆ ಗಂಡು, ಅದರಲ್ಲಿ ಕೇಳುವುದೇನಿದೆ? ಕೆಂಗೇರಿಯಲ್ಲಿ ಹುಟ್ಟಿ ಬೆಳೆದ ನನ್ನ ಪ್ರಾಣಿಶಾಸ್ತ್ರ ಅಲ್ಲಿಗೇ ಮುಗಿಯುತ್ತದೆ.

ಹೆಂಡತಿ ಬಾಗಲಕೋಟೆ ಕಡೆಯವಳು. ಬಂದ ಹೊಸದರಲ್ಲಿ ಅವಳ ದನಿ ಅಡುಗೆಮನೆಯಿಂದ ಹೊರಟರೆ ರಸ್ತೆಯ ತಿರುವಿನವರೆಗೆ ಹೋಗುತ್ತಿತ್ತು. "ಉಪ್ಪಿಟ್ಟು ಆರಾಕತ್ತೈತಿ, ಬರ್ರಿ" ಎಂದು ಕರೆದರೂ ಪಂಚಾಯಿತಿಗೆ ಕರೆದಂತಿರುತ್ತಿತ್ತು. ನನಗಂತೂ ಅದು ಬಲು ಇಷ್ಟ. ಆದರೆ ಒಂದು ದಿನ ಅವಳು ತವರಿಗೆ ಫೋನ್ ಮಾಡಿ ಜೋಳದ ಹಿಟ್ಟಿನ ವಿಷಯ ಮಾತಾಡುತ್ತಿದ್ದಾಗ, ಕೆಳಗಿನ ಓನರ್ ಆಂಟಿ ಮೆಟ್ಟಿಲು ಹತ್ತಿ ಬಂದರು. "ಏನಮ್ಮಾ, ಗಂಡ ಹೆಂಡ್ತಿ ಜಗಳಾನಾ? ಹೊಂದ್ಕೊಂಡ್ ಹೋಗ್ಬೇಕು ಕಣಮ್ಮ" ಎಂದು ಬುದ್ಧಿ ಹೇಳಿ ಹೋದರು.

ಆಮೇಲೆ ಅವಳು ಮೆತ್ತಗಾದಳು. ಬರಬರುತ್ತಾ ಮಾತೇ ಕಡಿಮೆಯಾಯಿತು. "ಜೋರಾಗೇ ಮಾತಾಡೇ, ಆಂಟಿಗೆ ನಾನ್ ಹೇಳ್ತೀನಿ" ಎಂದರೆ, "ಬ್ಯಾಡ್ರಿ, ಮಂದಿ ತಪ್ಪು ತಿಳ್ಕೋತಾರ" ಎನ್ನುವಳು, ಅದನ್ನೂ ಪಿಸುಗುಟ್ಟಿ. ಮನೆ ಬಿಕೋ ಎನ್ನುತ್ತಿತ್ತು. ನನಗೆ ಬೇಕಿದ್ದದ್ದು ಅವಳ ಹಳೆಯ ದನಿ. ಅವಳಿಗೆ ಸ್ವಲ್ಪ ಗೆಲುವಾಗಲಿ ಎಂದೇ ಮೀನು ತಂದದ್ದು. ಮಾತಿಲ್ಲದ ಮನೆಗೆ ಮಾತು ಬಾರದ ಜೀವಗಳನ್ನು ತಂದ ನನ್ನ ಬುದ್ಧಿವಂತಿಕೆಯನ್ನು ನೀವು ಮೆಚ್ಚಲೇಬೇಕು.

ಮೊದಮೊದಲು ಅವು ಅಕ್ಕಪಕ್ಕದಲ್ಲೇ ಮರಳು ಕೆದಕುತ್ತ ತಿರುಗುತ್ತಿದ್ದವು. ಆಮೇಲೆ ಸಣ್ಣದು ದಪ್ಪನೆಯದರ ಬೆನ್ನು ಹತ್ತಿತು. ಮೂಲೆಗೆ ಒತ್ತರಿಸುವುದು, ಬೆನ್ನ ಮೇಲೆ ಮೀಸೆ ಆಡಿಸುವುದು, ಮುಖಕ್ಕೆ ಅಡ್ಡ ನಿಲ್ಲುವುದು, ಇದೇ ಕೆಲಸ.

"ಇದು ಏರಿಯಾ ಗಲಾಟೆ ಕಣೇ. ಒಂದನ್ನ ಭಾನುವಾರ ವಾಪಸ್ ಕೊಟ್ಬಿಡ್ತೀನಿ. ಇಲ್ದಿದ್ರೆ ದಪ್ಪಂದು ಸಾಯತ್ತೆ" ಎಂದೆ.

ಅವಳು ಗಾಜಿಗೆ ಮೂಗು ತಾಗಿಸಿ ನೋಡಿದಳು. "ಜಗಳ ಅಲ್ರಿ ಅದು. ಮಾತಾಡಾಕತ್ತಾವ."

"ಅಟ್ಟಿಸ್ಕೊಂಡ್ ಹೋಗೋದು ಮಾತಾ?"

"ನಮ್ಮ ಮನ್ಯಾಗ ಹಂಗ ಮಾತಾಡ್ತಾರ."

ನನಗೆ ನಗು ಬಂತು, ಅವಳಿಗೆ ಬರಲಿಲ್ಲ. ಮೀನಿನ ಪರ ವಾದ ಮಾಡುವಾಗಲೂ ಅವಳ ದನಿ ಏರಲಿಲ್ಲ.

ಭಾನುವಾರ ಬೆಳಿಗ್ಗೆ ಮೀನು ಒಯ್ಯಲು ಡಬ್ಬಿ ತೊಳೆದಿಟ್ಟು ಸ್ನಾನಕ್ಕೆ ಹೋದೆ. ತಲೆತುಂಬ ಶಾಂಪೂ ನೊರೆ. ಅಷ್ಟರಲ್ಲಿ ಹಾಲ್‌ನಿಂದ ಮನೆ ಹಾರಿಹೋಗುವಂಥ ಕೂಗು: "ಏನ್ರೀ! ಲಗೂನ ಬರ್ರಿ! ತತ್ತೈತಿ!"

ನನ್ನ ಕಿವಿಗೆ ಬಿದ್ದದ್ದು "ಸತ್ತೈತಿ." ಟವೆಲ್ ಸುತ್ತಿಕೊಂಡು ಓಡಿದೆ.

"ಯಾವ್ದು ಸತ್ತಿದ್ದು? ದಪ್ಪಂದಾ?"

"ಸಾಯೂದು ಯಾಕ? ತತ್ತಿ ಐತಿ, ತತ್ತಿ! ನಿಮ್ಮ ಕಡೆ ಮೊಟ್ಟೆ ಅಂತೀರಲ್ಲ, ಅದು!"

ಗಾಜಿನ ಒಳಮೈಗೆ ಸಬ್ಬಕ್ಕಿಗಿಂತ ಸಣ್ಣ ಬಿಳಿ ಕಾಳುಗಳು ಅಂಟಿಕೊಂಡಿದ್ದವು. ದಪ್ಪ ಮೀನು ಹೊಟ್ಟೆ ಇಳಿಸಿಕೊಂಡು, ಮೀಸೆ ಸಮೇತ ತಾಯಿಯಾಗಿತ್ತು. ಸಣ್ಣದು ಪಕ್ಕದಲ್ಲೇ ಸುಳಿದಾಡುತ್ತಿತ್ತು.

"ಮೀಸಿ ಐತಿ, ಗಂಡು ಅಂದ್ರಿ. ಜಗಳ ಅಂದ್ರಿ. ಡಬ್ಬಿ ಬ್ಯಾರೆ ತೊಳದೀರಿ! ಬಸುರಿನ್ನ ಮನಿ ಬಿಡಸಾಕ ಹೊಂಟಿದ್ರಲ್ಲ, ಏನ್ ಮನಷ್ಯಾರ್ರಿ ನೀವು!"

ಸೊಂಟಕ್ಕೆ ಕೈಯಿಟ್ಟು ಒಂದೇ ಸಮನೆ ಬೈಯುತ್ತಿದ್ದಳು. ಕಿಟಕಿಗಳೆಲ್ಲ ತೆರೆದಿದ್ದವು, ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಶಾಂಪೂ ಇಳಿದು ನನ್ನ ಕಣ್ಣು ಉರಿಯುತ್ತಿತ್ತು. ಆದರೂ ಎಷ್ಟು ಖುಷಿಯಾಗಿತ್ತೆಂದರೆ, ಒರೆಸಿಕೊಳ್ಳುವುದನ್ನೂ ಮರೆತು ನಿಂತುಬಿಟ್ಟಿದ್ದೆ.

"ಯಾಕ್ರಿ ನಗಾಕತ್ತೀರಿ?"

"ಏನಿಲ್ಲ," ಎಂದೆ. "ಇನ್ನೊಂದ್ಸಲ ಬಯ್ಯೇ."